ವರ್ಷ ವರ್ಷ ಅದೇ ಸೀನು: ನೆಗಡಿಯಾ, ಹೇ ಫೀವರಾ?

ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೇ ಕಥೆ ಓದಿದ ಹಾಗಾಯಿತು. ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಸೀನು ಶುರುವಾಗುತ್ತದೆ, ಐದಾರು ವಾರ ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ, ತೀರಾ ಜೋರಾದ ದಿನ ಮಾತ್ರೆ ನುಂಗಿದರೂ ಅಷ್ಟಕ್ಕಷ್ಟೇ ಅಂತ ಬರೆದಿದ್ದೀರಿ. ಇದು ನೆಗಡಿಯಾ, ಹೇ ಫೀವರಾ, ಜೀವನ ಪೂರ್ತಿ ಹೀಗೇನಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಹದಿನಾಲ್ಕು ವರ್ಷದಿಂದ ಇಂಥದ್ದೇ ಮೂಗು ಹೊತ್ತು ತಿರುಗುತ್ತಿರುವವನು, ಅಷ್ಟೇ. ಅದರಲ್ಲಿ ಮೊದಲ ಆರು ವರ್ಷ ಔಷಧಿ ಸರಿಯಾದದ್ದೇ ಕೈಯಲ್ಲಿತ್ತು, ಬಳಸಿದ ರೀತಿ ಮಾತ್ರ ಪೂರ್ತಿ ತಪ್ಪು. ನಿಮ್ಮದೂ ಹಾಗೇ ಇರಬಹುದು ಅಂತ ಅನುಮಾನ.

ಮೊದಲು ನೆಗಡಿಯಾ ಅಲ್ಲವಾ ಅನ್ನೋದು. ನೆಗಡಿ ಆದರೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನದಲ್ಲಿ ಇಳಿಯುತ್ತದೆ. ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಜ್ವರ ಜೊತೆಗಿರುತ್ತವೆ. ಹೇ ಫೀವರ್ ಅಂದರೆ ಗಾಳಿಯಲ್ಲಿ ಬರುವ ಪರಾಗದ ಅಲರ್ಜಿ. ಅದರಲ್ಲಿ ಜ್ವರ ಬರುವುದಿಲ್ಲ, ಹೆಸರು ನೋಡಿ ಮೋಸ ಹೋಗಬೇಡಿ. ಸೋರುವುದು ತೆಳ್ಳಗೆ ನೀರಿನ ಹಾಗೆ. ಸೀನು ಒಂದೆರಡಲ್ಲ, ಸಾಲಾಗಿ ಎಂಟು ಹತ್ತು. ಎಲ್ಲಕ್ಕಿಂತ ದೊಡ್ಡ ಗುರುತು ತುರಿಕೆ: ಮೂಗಿನೊಳಗೆ, ಕಣ್ಣಿನ ಮೂಲೆಯಲ್ಲಿ, ಅಂಗುಳದಲ್ಲಿ. ನಾಲಿಗೆಯಿಂದ ಅಂಗುಳ ಕೆರೆದುಕೊಳ್ಳುವ ಅಭ್ಯಾಸ ನಿಮಗಿದ್ದರೆ ನೆಗಡಿಯ ಮೇಲೆ ತಪ್ಪು ಹೊರಿಸಬೇಡಿ. ನೀವು ಹೇಳಿದ ಐದಾರು ವಾರ, ಪ್ರತಿ ವರ್ಷ ಅದೇ ಹೊತ್ತು, ಕಣ್ಣು ತುರಿ, ಇದೆಲ್ಲ ಅಲರ್ಜಿಯ ಕಡೆಗೇ ಬೆರಳು ತೋರಿಸುತ್ತದೆ.

ಹೆಸರಲ್ಲಿರುವ 'ಹೇ', ಅಂದರೆ ಒಣಹುಲ್ಲು, ಅದೂ ನಿಜವಾದ ಕಾರಣವಲ್ಲ. 1819ರಲ್ಲಿ ಜಾನ್ ಬಾಸ್ಟಕ್ ಎಂಬ ಇಂಗ್ಲೆಂಡಿನ ವೈದ್ಯರು ಈ ಕಾಯಿಲೆಯನ್ನು ಮೊದಲ ಬಾರಿ ವಿವರವಾಗಿ ಬರೆದರು. ಅದರಲ್ಲಿದ್ದ ರೋಗಿ ಅವರೇ! ಪಾಪ, ಬೇಸಿಗೆಯ ಬಿಸಿಲೇ ಕಾರಣ ಅಂದುಕೊಂಡಿದ್ದರು. ಹೂವಿನ ಪರಾಗದ್ದೇ ಕೆಲಸ ಅಂತ ಪ್ರಯೋಗ ಮಾಡಿ ತೋರಿಸಿದವರು ಚಾರ್ಲ್ಸ್ ಬ್ಲಾಕ್ಲಿ, 1873ರ ಪುಸ್ತಕದಲ್ಲಿ. ಅವರಿಗೂ ಇದೇ ಕಾಯಿಲೆ. ಅಂಟು ಸವರಿದ ಗಾಜಿನ ಚೂರನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಮೇಲಿನ ಗಾಳಿಯಲ್ಲೂ ಪರಾಗ ಇದೆ ಅಂತ ಕಂಡುಕೊಂಡರು. ಸೀನುತ್ತಾ ಗಾಳಿಪಟ ಹಾರಿಸುವ ಡಾಕ್ಟರನ್ನು ನೆನೆಸಿಕೊಂಡರೆ ನನಗೆ ಈಗಲೂ ಖುಷಿ.

ಅಂದಹಾಗೆ ಪರಾಗ ಅಂದ ಕೂಡಲೇ ಮನೆಯ ಹೂವಿನ ಕುಂಡಗಳನ್ನು ಎತ್ತಿ ಬಿಸಾಡಬೇಡಿ. ನಾನು ಒಂದು ವರ್ಷ ಹಾಗೇ ಮಾಡಿದೆ, ಸೀನು ಒಂದೂ ಕಡಿಮೆ ಆಗಲಿಲ್ಲ. ಬಣ್ಣ ಬಣ್ಣದ ದೊಡ್ಡ ಹೂವುಗಳ ಪರಾಗ ಭಾರ, ಅಂಟು. ಅದನ್ನು ಹೊರುವುದು ದುಂಬಿ, ಜೇನು. ನಮಗೆ ಕಾಟ ಕೊಡುವುದು ಗಾಳಿಯಲ್ಲಿ ಪರಾಗ ತೂರುವ ಹುಲ್ಲು, ಕಳೆ ಗಿಡ, ಕೆಲವು ಮರಗಳು. ಅವುಗಳ ಹೂವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಒಳಗೆ ನಡೆಯುವುದಿಷ್ಟು. ನಮ್ಮ ಮೈ ಈ ಪರಾಗವನ್ನು ಶತ್ರು ಅಂತ ತಪ್ಪು ತಿಳಿದು ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟುಕೊಂಡಿರುತ್ತದೆ. ಅದು ಮೂಗಿನ ಒಳಪದರದ ಮಾಸ್ಟ್ ಕೋಶಗಳ ಮೇಲೆ ಕಾದು ಕೂತಿರುತ್ತದೆ. ಪರಾಗ ತಗುಲಿದ ಕೆಲವೇ ನಿಮಿಷದಲ್ಲಿ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ. ಸೀನು, ತುರಿಕೆ, ಸೋರಿಕೆ ಬರುವುದು ಅದರಿಂದ. ಕಥೆ ಅಲ್ಲಿಗೇ ಮುಗಿಯುವುದಿಲ್ಲ. ನಾಲ್ಕರಿಂದ ಎಂಟು ಗಂಟೆ ಬಿಟ್ಟು ಎರಡನೇ ಸುತ್ತು ಬರುತ್ತದೆ, ಆಗ ಒಳಪದರ ಊದಿಕೊಂಡು ಮೂಗು ಕಟ್ಟುತ್ತದೆ. ಹೊರಗೆ ಓಡಾಡಿದ್ದು ಬೆಳಗ್ಗೆ, ಉಸಿರು ಕಟ್ಟುವುದು ರಾತ್ರಿ. ಜೊತೆಗೆ, ದಿನ ಕಳೆದಂತೆ ಮೂಗು ಇನ್ನಷ್ಟು ಸೂಕ್ಷ್ಮವಾಗುತ್ತಾ ಹೋಗುತ್ತದೆ. ಮೊದಲ ವಾರ ಸಹಿಸಿಕೊಂಡಷ್ಟು ಪರಾಗವನ್ನು ಮೂರನೇ ವಾರ ಸಹಿಸುವುದಿಲ್ಲ.

ನಿಮ್ಮ ಮಾತ್ರೆ ಅಷ್ಟಕ್ಕಷ್ಟೇ ಆಗಿರುವುದಕ್ಕೆ ಕಾರಣ ಬಹುಶಃ ಇಲ್ಲೇ ಇದೆ. ಆಂಟಿಹಿಸ್ಟಮಿನ್ ಮಾತ್ರೆ ತಡೆಯುವುದು ಹಿಸ್ಟಮಿನ್ನನ್ನು. ಸೀನು, ತುರಿಕೆ ಕಡಿಮೆ ಆಗುತ್ತದೆ, ಕಟ್ಟಿದ ಮೂಗಿಗೆ ಅದರಿಂದ ದೊಡ್ಡ ಉಪಯೋಗ ಇಲ್ಲ.

ನಾನು ಎಡವಿದ್ದು ಸರಿಯಾಗಿ ಇಲ್ಲೇ. ಮಾತ್ರೆಯಿಂದ ಮೂಗು ಬಿಡಲಿಲ್ಲ ಅಂತ ಆಕ್ಸಿಮೆಟಜೋಲಿನ್ ಇರುವ ಮೂಗಿನ ಡ್ರಾಪ್ಸ್ ತಂದೆ. ಆಹಾ! ಎರಡು ಹನಿ ಬಿಟ್ಟರೆ ಐದು ನಿಮಿಷದಲ್ಲಿ ಬಾಗಿಲು ತೆರೆದ ಹಾಗೆ ಉಸಿರು. ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಬಾರದು ಅಂತ ಅದರೊಳಗಿನ ಚೀಟಿಯಲ್ಲಿ ಇದ್ದಿರಬೇಕು. ಚೀಟಿ ಯಾರು ಓದುತ್ತಾರೆ? ವಾರ ಕಳೆಯಿತು, ತಿಂಗಳಾಯಿತು. ಪರಾಗದ ಕಾಲ ಮುಗಿದರೂ ಮೂಗು ಕಟ್ಟುವುದು ನಿಲ್ಲಲಿಲ್ಲ. ರಾತ್ರಿ ಎರಡಕ್ಕೊಮ್ಮೆ, ಐದಕ್ಕೊಮ್ಮೆ ಎಚ್ಚರ. ಬಾಟಲಿ ದಿಂಬಿನ ಕೆಳಗೆ, ಇನ್ನೊಂದು ಬ್ಯಾಗಿನಲ್ಲಿ, ಮತ್ತೊಂದು ಆಫೀಸಿನ ಡ್ರಾಯರಿನಲ್ಲಿ. ಕೊನೆಗೆ ಮೂಗಿನ ಡಾಕ್ಟರು ಒಳಗೆ ಲೈಟ್ ಹಾಕಿ ನೋಡಿ, "ಈಗ ಮೂಗು ಕಟ್ಟಿಸ್ತಿರೋದೇ ಈ ಡ್ರಾಪ್ಸ್" ಅಂದರು. ಹನಿಯ ಪ್ರಭಾವ ಇಳಿದಾಗ ಒಳಪದರ ಮೊದಲಿಗಿಂತ ಜಾಸ್ತಿ ಊದುತ್ತದಂತೆ, ಅದಕ್ಕೆ ಮತ್ತೆ ಹನಿ. ಮೊದಲು ಒಂದು ಹೊಳ್ಳೆಗೆ ಬಿಟ್ಟು, ಆಮೇಲೆ ಇನ್ನೊಂದಕ್ಕೆ ಬಿಟ್ಟು, ಅಂತೂ ಇಂತೂ ಹೊರಬಂದೆ. ಆ ಎರಡು ವಾರ ನಿದ್ದೆ ಅನ್ನುವುದು ಇರಲಿಲ್ಲ. ಡ್ರಾಪ್ಸ್ ಕೆಟ್ಟದ್ದಲ್ಲ, ಎರಡು ಮೂರು ದಿನಕ್ಕೆ ಮಾತ್ರ ಅಂತ ಇಟ್ಟುಕೊಳ್ಳಿ.

ಅವರು ಬದಲಿಗೆ ಕೊಟ್ಟಿದ್ದು ಸ್ಟೀರಾಯ್ಡ್ ಸ್ಪ್ರೇ. ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಅಂತ ಹೆಸರುಗಳಿವೆ. ಸ್ಟೀರಾಯ್ಡ್ ಅಂದ ಕೂಡಲೇ ಹೆದರಬೇಡಿ, ಇದು ಅಳತೆಯಲ್ಲಿ ತೀರಾ ಕಡಿಮೆ, ಕೆಲಸವೆಲ್ಲ ಬಹುತೇಕ ಮೂಗಿನಲ್ಲೇ. ಊತ ಇಳಿಸುವುದರಿಂದ ಎರಡನೇ ಸುತ್ತನ್ನೂ ತಡೆಯುತ್ತದೆ. ಆದರೆ ಹನಿಯ ಹಾಗೆ ಐದು ನಿಮಿಷದ ಮ್ಯಾಜಿಕ್ ಅಲ್ಲ. ಪೂರ್ತಿ ಪರಿಣಾಮ ಕಾಣಲು ಒಂದೆರಡು ವಾರ ಬೇಕು, ದಿನಾ ಹಾಕಬೇಕು. ಮೂರು ದಿನ ಹಾಕಿ "ಏನೂ ಆಗಲಿಲ್ಲ" ಅಂತ ಬಿಟ್ಟವರಲ್ಲಿ ನಾನೂ ಒಬ್ಬ. ಸೀನು ಶುರುವಾಗುವುದಕ್ಕೆ ಎರಡು ವಾರ ಮುಂಚೆಯೇ ಹಾಕಲು ಶುರು ಮಾಡಿದ ವರ್ಷ ನನಗೆ ವ್ಯತ್ಯಾಸ ಗೊತ್ತಾಯಿತು.

ಹಾಕುವ ಕ್ರಮವೂ ಇದೆ. ನಾನು ತಲೆ ಹಿಂದಕ್ಕೆ ಎತ್ತಿ, ಒತ್ತಿ, ಸೊರ್ ಅಂತ ಎಳೆದುಕೊಳ್ಳುತ್ತಿದ್ದೆ. ಔಷಧಿ ನೇರ ಗಂಟಲಿಗೆ, ಬಾಯೆಲ್ಲ ಕಹಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹೀಗೆ ಹಿಡಿದರೆ ತುದಿ ತಾನಾಗಿ ನಡುವಿನ ಗೋಡೆ ಬಿಟ್ಟು ಹೊರಗಡೆಗೆ, ಕಣ್ಣಿನ ಹೊರಮೂಲೆಯ ಕಡೆಗೆ ತಿರುಗುತ್ತದೆ. ನಡುವಿನ ಗೋಡೆಗೇ ಹೊಡೆದರೆ ರಕ್ತ ಬರುವುದುಂಟು. ಒತ್ತಿ, ಮೆಲ್ಲಗೆ ಉಸಿರೆಳೆದುಕೊಳ್ಳಿ, ಹೂವಿನ ವಾಸನೆ ನೋಡುವಷ್ಟೇ ಮೆಲ್ಲಗೆ.

ಮಾತ್ರೆ ಬೇಕಾದರೆ ಹೊಸ ತಲೆಮಾರಿನದನ್ನು ಕೇಳಿ: ಲೊರಾಟಡೀನ್, ಸೆಟಿರಿಜೀನ್, ಫೆಕ್ಸೊಫೆನಡೀನ್. ಹಳೆಯ ಕ್ಲೋರ್‌ಫೆನಿರಮೀನ್ ಥರದವು ಮಂಪರು ತರುತ್ತವೆ, ಗಾಡಿ ಓಡಿಸುವವರಿಗೆ ಅಪಾಯ. ಸೆಟಿರಿಜೀನ್ ಕೂಡ ಕೆಲವರಿಗೆ ತೂಕಡಿಕೆ ತರುತ್ತದೆ, ನನಗಂತೂ ತರುತ್ತದೆ. ಫೆಕ್ಸೊಫೆನಡೀನನ್ನು ಹಣ್ಣಿನ ರಸದ ಜೊತೆ ನುಂಗಬೇಡಿ, ಮೈಗೆ ಸರಿಯಾಗಿ ಸೇರುವುದಿಲ್ಲ. ಸಾದಾ ನೀರೇ ಸಾಕು. ಗರ್ಭಿಣಿಯರು, ಚಿಕ್ಕ ಮಕ್ಕಳು, ಬೇರೆ ಔಷಧಿ ತೆಗೆದುಕೊಳ್ಳುತ್ತಿರುವವರು ಇವನ್ನೆಲ್ಲ ಡಾಕ್ಟರನ್ನು ಕೇಳಿಯೇ ಬಳಸಬೇಕು.

ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ನನಗೆ ಇಷ್ಟ. ಕೂತಿರುವ ಪರಾಗವೇ ಕೊಚ್ಚಿಹೋಗುತ್ತದೆ ಅಲ್ವಾ. ಆದರೆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ಇಲ್ಲವೇ ಡಿಸ್ಟಿಲ್ಡ್. ನಲ್ಲಿ ನೀರನ್ನು ನೇರವಾಗಿ ಮೂಗಿಗೆ ಹಾಕಿ, ಮಿದುಳಿಗೆ ಅಮೀಬಾ ಸೇರಿ ಜನ ಸತ್ತಿದ್ದಾರೆ. ಅಪರೂಪ, ಆದರೂ ಸುಮ್ನೆ ಯಾಕೆ? ಉಳಿದಂತೆ ಹೊರಗಿಂದ ಬಂದ ಕೂಡಲೇ ಬಟ್ಟೆ ಬದಲಾಯಿಸುವುದು, ಮಲಗುವ ಮುಂಚೆ ತಲೆ ತೊಳೆಯುವುದು, ಒಣಹವೆ ಮತ್ತು ಗಾಳಿ ಜೋರಾದ ದಿನ ಕಿಟಕಿ ಮುಚ್ಚುವುದು. ಕಣ್ಣು ಮಾತ್ರ ಉಜ್ಜಬೇಡಿ, ಉಜ್ಜಿದಷ್ಟೂ ತುರಿ ಏರುತ್ತದೆ. ತಣ್ಣನೆಯ ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಜೇನು ತಿಂದರೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಜೇನಿನಲ್ಲಿರುವುದು ಹೆಚ್ಚಾಗಿ ಆ ದುಂಬಿಯ ಹೂವುಗಳ ಪರಾಗ, ನಮ್ಮ ಶತ್ರುವಲ್ಲ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ಎದೆಯಲ್ಲಿ ಸುಯ್ ಅನ್ನುವ ಸದ್ದು, ಬಿಗಿತ, ರಾತ್ರಿ ಒಣಕೆಮ್ಮು ಇದ್ದರೆ ಉಬ್ಬಸ ಇದೆಯಾ ಅಂತ ತಪಾಸಣೆ ಮಾಡಿಸಿ. 2016ರ ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಗುಡುಗು ಮಳೆಯ ಗಾಳಿಗೆ ಹುಲ್ಲಿನ ಪರಾಗ ಒಡೆದು, ಸಣ್ಣ ಚೂರುಗಳಾಗಿ ಶ್ವಾಸಕೋಶದೊಳಕ್ಕೆ ಇಳಿದು, ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಆಸ್ಪತ್ರೆಗೆ ಬಂದವರಲ್ಲಿ ಎಷ್ಟೋ ಜನರಿಗೆ ಅಲ್ಲಿಯವರೆಗೆ ಇದ್ದದ್ದು ಬರೀ ಹೇ ಫೀವರ್.

ಇನ್ನು ಜೀವನ ಪೂರ್ತಿನಾ ಅಂದಿರಿ. ಕೆಲವರಿಗೆ ವಯಸ್ಸಾದಂತೆ ತಾನೇ ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಸ್ಪ್ರೇ, ಮಾತ್ರೆ ಎರಡಕ್ಕೂ ಬಗ್ಗದಿದ್ದರೆ ಇಮ್ಯುನೊಥೆರಪಿ ಇದೆ. ಯಾವ ಪರಾಗ ಅಂತ ಚರ್ಮದ ಮೇಲೆ ಚುಚ್ಚಿ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಕೆಲವು ದಿನ ಮುಂಚೆ ಆಂಟಿಹಿಸ್ಟಮಿನ್ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನ ಅಂತ ಕೇಳಿಕೊಳ್ಳಿ. ಆಮೇಲೆ ಅದೇ ಪರಾಗದ ಸಾರವನ್ನು ಇಂಜೆಕ್ಷನ್ ಆಗಿ ಅಥವಾ ನಾಲಿಗೆಯ ಕೆಳಗೆ, ಸುಮಾರು ಮೂರು ವರ್ಷ ಕೊಡುತ್ತಾರೆ. ಇದನ್ನು ಹುಲ್ಲಿನ ಪರಾಗದಿಂದ ಲೆನಾರ್ಡ್ ನೂನ್ ಎಂಬ ಇಂಗ್ಲೆಂಡಿನ ವೈದ್ಯರು ಮಾಡಿ ನೋಡಿದ್ದು 1911ರಲ್ಲಿ, ಹೊಸದೇನಲ್ಲ. ನಾನು ಅದನ್ನು ಮಾಡಿಸಿಲ್ಲ, ಸ್ಪ್ರೇಯೇ ಸಾಕಾಯಿತು.

ಈ ವರ್ಷ ನಿಮಗೆ ಮೊದಲ ಸೀನಿನ ಸಾಲು ಬಂದ ತಾರೀಖು ನೆನಪಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೆ ಎರಡು ವಾರ ಹಿಂದಿನ ದಿನಕ್ಕೆ ಮುಂದಿನ ವರ್ಷ ಮೊಬೈಲಿನಲ್ಲಿ ಅಲಾರಂ ಇಡಿ. ನನ್ನದರಲ್ಲಿ ಆ ಅಲಾರಂ ಹೆಸರು 'ಮೂಗು'.