ಕಂಪ್ಯೂಟರ್ ಬಂದ ಮೇಲೆ ಹ್ಯಾಮ್‌ನ ಕಿವಿಗೇನು ಕೆಲಸ?

ಪ್ರಶ್ನೆ: ಬಹುಕಾಲದಿಂದ ಹ್ಯಾಮ್ (ಹವ್ಯಾಸಿ) ರೇಡಿಯೊ ನಡೆಸುತ್ತಿದ್ದೇನೆ. ಈಗ ಕಿರುತರಂಗದಲ್ಲಿ ಎಲ್ಲಿ ತಿರುಗಿಸಿದರೂ, ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಡಿಜಿಟಲ್ ಪದ್ಧತಿಯಾದ ಎಫ್‌ಟಿ8ರ ಸದ್ದೇ ಕೇಳುತ್ತದೆ. ಕಂಪ್ಯೂಟರೇ ಕರೆಯುತ್ತದೆ, ಕಂಪ್ಯೂಟರೇ ಉತ್ತರಿಸುತ್ತದೆ; ಮನುಷ್ಯನಿಗೆ ಮೌಸ್ ಒತ್ತುವ ಕೆಲಸವಷ್ಟೇ ಉಳಿದಿದೆ. ಇದನ್ನೂ ಹವ್ಯಾಸವೆನ್ನಬೇಕೆ?

ಉತ್ತರ: ನಿಮ್ಮ ದೂರಿನ ಅರ್ಧಭಾಗವನ್ನು ಒಪ್ಪಲೇಬೇಕು. ಎಫ್‌ಟಿ8ರಲ್ಲಿ ನಡೆಯುವುದನ್ನು ಸಂಭಾಷಣೆ ಎನ್ನುವುದು ಕಷ್ಟ. ಒಬ್ಬರು ತಮ್ಮ ಕಾಲ್‌ಸೈನ್ (ಪರವಾನಗಿಯ ಗುರುತು) ಹಾಗೂ ತಾವಿರುವ ಭೂಪಟದ ಚೌಕದ ಗುರುತನ್ನು ಹೇಳಿ ‘ಸಿಕ್ಯೂ’ (ಯಾರಾದರೂ ಉತ್ತರಿಸಿ) ಎಂದು ಕರೆಯುತ್ತಾರೆ, ಮತ್ತೊಬ್ಬರು ಓಗೊಡುತ್ತಾರೆ, ಪರಸ್ಪರರ ಸಂಕೇತ ಎಷ್ಟು ಡೆಸಿಬೆಲ್‌ನಲ್ಲಿ ತಲುಪಿತೆಂದು ತಿಳಿಸಿ, ‘73’ ಎಂದು ವಂದಿಸಿ ಇಬ್ಬರೂ ಹೊರಡುತ್ತಾರೆ. 15 ಸೆಕೆಂಡಿಗೊಂದು ಸರದಿಯಂತೆ ಇಡೀ ವ್ಯವಹಾರ ಸುಮಾರು ಒಂದೂವರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. ಒಂದು ಸಂದೇಶಕ್ಕೆ ದೊರೆಯುವುದು 77 ಬಿಟ್ ಮಾತ್ರವಾದ್ದರಿಂದ ಸ್ವಂತ ಮಾತೇನಾದರೂ ಇದ್ದರೆ 13 ಅಕ್ಷರಗಳೊಳಗೆ ಮುಗಿಸಬೇಕು.

ಆದರೆ ಈ ಜಿಪುಣತನಕ್ಕೆ ಕಾರಣವಿದೆ. 2017ರಲ್ಲಿ ಈ ಪದ್ಧತಿಯನ್ನು ರೂಪಿಸಿದವರು ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ. ಇವರಲ್ಲಿ ಟೇಲರ್ ಅವರು ಜೋಡಿ ಪಲ್ಸಾರ್ (ಮಿಡಿಯುವ ರೇಡಿಯೊ ಅಲೆ ಸೂಸುವ ನಕ್ಷತ್ರ) ಶೋಧಕ್ಕಾಗಿ 1993ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು. ಗದ್ದಲದೊಳಗಿನಿಂದ ಕ್ಷೀಣ ಸಂಕೇತವನ್ನು ಹೆಕ್ಕುವುದು ಅವರಿಗೆ ವೃತ್ತಿಯಿಂದಲೇ ಒಲಿದಿದ್ದ ವಿದ್ಯೆ. ಎಫ್‌ಟಿ8ರ ಒಂದು ಸಂಕೇತ ಸುಮಾರು 50 ಹರ್ಟ್ಸ್ ಜಾಗವನ್ನಷ್ಟೇ ಬಳಸುತ್ತದೆ. 2500 ಹರ್ಟ್ಸ್ ಅಗಲದಲ್ಲಿ ಅಳೆದ ಗದ್ದಲದ ಶಕ್ತಿ ಸಂಕೇತದ ಶಕ್ತಿಗಿಂತ ನೂರು ಪಟ್ಟು ಹೆಚ್ಚಿದ್ದಾಗಲೂ ತಂತ್ರಾಂಶ ಸಂದೇಶವನ್ನು ಬಿಡಿಸಿಕೊಡಬಲ್ಲದು. ಪಳಗಿದ ಮೋರ್ಸ್ ಕಿವಿಯೂ ಅಷ್ಟು ಆಳಕ್ಕೆ ಇಳಿಯದು. ದೊಡ್ಡ ಆಂಟೆನಾ ನಿಲ್ಲಿಸಲು ಜಾಗವಿಲ್ಲದವರು ಕೆಲವೇ ವಾಟ್‌ಗಳಲ್ಲಿ ಸಾಗರ ದಾಟುತ್ತಿರುವುದು ಇದರಿಂದಲೇ.

ಹಾಗಾದರೆ ಕೌಶಲ ಎಲ್ಲಿ ಹೋಯಿತು? ಹೆಚ್ಚಿನದು ಕಿವಿಯಿಂದ ಕದಲಿ ಉಪಕರಣಗಳ ನಿರ್ವಹಣೆಗೆ ಸೇರಿಕೊಂಡಿದೆ ಎಂದು ನನಗನಿಸುತ್ತದೆ. ಕಂಪ್ಯೂಟರಿನ ಗಡಿಯಾರ ಒಂದೆರಡು ಸೆಕೆಂಡು ಆಚೀಚೆಯಾದರೆ ಪರದೆಯ ತುಂಬ ಸಂಕೇತಗಳಿದ್ದೂ ಒಂದಕ್ಷರವೂ ಮೂಡುವುದಿಲ್ಲ. ಧ್ವನಿಮಟ್ಟವನ್ನು ಅತಿಯಾಗಿ ಏರಿಸಿದವರ ಸಂಕೇತವನ್ನು ವಾಟರ್‌ಫಾಲ್‌ನಲ್ಲಿ (ಸಂಕೇತಗಳನ್ನು ಗೆರೆಗಳಾಗಿ ತೋರಿಸುವ ಪರದೆಯ ಚಿತ್ರದಲ್ಲಿ) ನೋಡಿ: 700 ಹರ್ಟ್ಸ್‌ನಲ್ಲಿ ಒಂದೇ ಗೆರೆ ಇರಬೇಕಾದಲ್ಲಿ, 1400ರಲ್ಲೂ ಅದರದೇ ಮಸುಕು ನೆರಳು ಕಾಣಿಸಿಕೊಂಡು ಪಕ್ಕದವರ ಜಾಗವನ್ನು ತಿನ್ನುತ್ತಿರುತ್ತದೆ. ಪ್ರತಿ ಸರದಿಯಲ್ಲೂ ಸುಮಾರು 12.6 ಸೆಕೆಂಡು ಪ್ರೇಷಕ ಎಡೆಬಿಡದೆ ಪೂರ್ಣ ಶಕ್ತಿಯಲ್ಲಿ ದುಡಿಯುವುದರಿಂದ, ಮಾತಿಗೆ ತಾಳಿಕೊಳ್ಳುವ ಸೆಟ್ಟೂ ಇಲ್ಲಿ ಬಿಸಿಯೇರಿ ಕೈಕೊಡಬಹುದು. ವಾಟ್ ಇಳಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ಹೇಳದಿರಲಾರೆ. ಸ್ವಿಚ್ ಮಾದರಿಯ ಚಾರ್ಜರ್‌ಗಳು, ಎಲ್‌ಇಡಿ ದೀಪಗಳು, ಸೌರ ಇನ್ವರ್ಟರ್‌ಗಳು ಕಿರುತರಂಗದಲ್ಲಿ ಗದ್ದಲ ತುಂಬುತ್ತಿವೆ. ಗದ್ದಲವನ್ನು ಸೀಳುವ ತಂತ್ರಾಂಶವನ್ನು ಕೊಟ್ಟ ಎಲೆಕ್ಟ್ರಾನಿಕ್ಸೇ ಗದ್ದಲವನ್ನೂ ಕೊಟ್ಟಿದೆ. ಮನೆಯ ಯಾವ ಉಪಕರಣ ತಪ್ಪಿತಸ್ಥನೆಂದು ಒಂದೊಂದನ್ನೇ ಆರಿಸಿ ಪತ್ತೆಹಚ್ಚುವುದು ಈಗ ಹ್ಯಾಮ್‌ನ ನಿತ್ಯದ ಕೆಲಸವಾಗಿದೆ, ಮತ್ತು ಅದನ್ನು ಯಾವ ತಂತ್ರಾಂಶವೂ ಮಾಡಿಕೊಡುವುದಿಲ್ಲ. ಸಂಭಾಷಣೆಯ ಸುಖಕ್ಕಾಗಿ ಮೋರ್ಸ್ ಕೀಲಿಯನ್ನೂ ಮೈಕನ್ನೂ ನೀವು ಧಾರಾಳವಾಗಿ ಉಳಿಸಿಕೊಳ್ಳಬಹುದು. ಆ ಬ್ಯಾಂಡ್‌ಗಳಿಗೆ ಯಾರೂ ಬೀಗ ಹಾಕಿಲ್ಲ.

ಪ್ರಶ್ನೆ: ಡಿಎಂಆರ್, ಡಿ-ಸ್ಟಾರ್ ಎಂಬ ಡಿಜಿಟಲ್ ಧ್ವನಿ ಪದ್ಧತಿಗಳ ಕೈಸೆಟ್‌ಗಳಲ್ಲಿ ಅಂತರ್ಜಾಲದ ಮೂಲಕ ಬೇರೆ ಖಂಡದವರೊಡನೆ ಮಾತನಾಡಬಹುದಂತೆ. ಹೊಸಬನಾದ ನಾನು ಇದರಿಂದಲೇ ಆರಂಭಿಸಬಹುದೆ?

ಉತ್ತರ: ಪರವಾನಗಿ ಪಡೆದ ಮೇಲೆ ಅಗತ್ಯವಾಗಿ ಆರಂಭಿಸಿ, ಆದರೆ ನಿಮ್ಮ ರೇಡಿಯೊ ಅಲೆ ಸಮೀಪದ ರಿಪೀಟರ್ (ಮರುಪ್ರಸಾರ ಕೇಂದ್ರ) ಅಥವಾ ಅಂತರ್ಜಾಲಕ್ಕೆ ಜೋಡಿಸಿದ ಪುಟ್ಟ ಹಾಟ್‌ಸ್ಪಾಟ್‌ವರೆಗೆ ಮಾತ್ರ ಹೋಗುತ್ತದೆ, ಖಂಡ ದಾಟಿಸುವುದು ಕೇಬಲ್ ಎಂಬುದು ಗೊತ್ತಿರಲಿ. ಕಿರುತರಂಗವನ್ನು ದೂರಕ್ಕೆ ಬಾಗಿಸಿ ಕಳಿಸುವ ಮೇಲಿನ ವಾತಾವರಣದ ಪದರವಾದ ಅಯಾನುಗೋಳದ ಏರಿಳಿತವನ್ನು ಅಲ್ಲಿ ಕಲಿಯಲಾಗದು. ನನಗಿರುವ ದೊಡ್ಡ ಆಕ್ಷೇಪ ಬೇರೆ: ಈ ಎರಡೂ ಪದ್ಧತಿಗಳ ಸೆಟ್‌ಗಳಲ್ಲಿ ಧ್ವನಿಯನ್ನು ಕುಗ್ಗಿಸಲು ಸಾಮಾನ್ಯವಾಗಿ ಬಳಸುವ ಎಎಂಬಿಇ ಕೋಡೆಕ್ ಖಾಸಗಿ ಸ್ವತ್ತು. ಬಿಚ್ಚಿ ನೋಡುವುದೇ ಹುಟ್ಟುಗುಣವಾಗಿರುವ ಹವ್ಯಾಸಕ್ಕೆ ಇದು ಒಗ್ಗುವಂಥದ್ದಲ್ಲ. ಈ ಕೊರತೆಯನ್ನು ನೀಗಲೆಂದೇ ಡೇವಿಡ್ ರೋ ಅವರು ಕೋಡೆಕ್ 2 ಅನ್ನು ಮುಕ್ತ ತಂತ್ರಾಂಶವಾಗಿ ಬರೆದರು. ಅದನ್ನು ಬಳಸುವ ಫ್ರೀಡಿವಿ ಎಂಬ ತಂತ್ರಾಂಶದಲ್ಲಿ ಕಿರುತರಂಗದ ಮೇಲೆಯೇ ಡಿಜಿಟಲ್ ಮಾತುಕತೆ ನಡೆಸಬಹುದು. ಕೈಸೆಟ್ ಹಿಡಿದು ಕೆಲಕಾಲವಾದ ಮೇಲೆ ಅದರತ್ತಲೂ ಕಣ್ಣು ಹಾಯಿಸಿ.