ಏರಿಳಿಯುವ ನಕ್ಷತ್ರದ ಪಕ್ಕ ಮನೆ

ಪ್ರಶ್ನೆ: ಕಾದಂಬರಿ ಬರೆಯುತ್ತಿದ್ದೇನೆ ಸರ್. ಬೆಳಕು ಏರಿಳಿಯುವ ಒಂದು ನಕ್ಷತ್ರ, ಅದರ ಸುತ್ತ ಮೂರು ಬಾಹ್ಯಾಕಾಶ ನಿಲ್ದಾಣ. ಒಂದಕ್ಕೆ ಖಗೋಳ ವಿಜ್ಞಾನಿ ಹೆನ್ರಿಯೆಟ್ಟಾ ಲೆವಿಟ್ ಅವರ ಹೆಸರಿಡುವ ಆಸೆ. ನಕ್ಷತ್ರ ಜೋರಾಗಿ ಹೊಳೆದಾಗ ಒಳಗಿದ್ದವರು ಬೆಂದುಹೋಗುವುದಿಲ್ಲವೇ?
– ಓದುಗಿ, ಮೂಡಿಗೆರೆ

ಉತ್ತರ: ಇಲ್ಲಮ್ಮ, ಸಾಕಷ್ಟು ದೂರದಲ್ಲಿ ಇಟ್ಟರೆ ಬೇಯುವುದಿಲ್ಲ. ಎಷ್ಟು ದೂರ ಎಂಬ ಲೆಕ್ಕಕ್ಕೆ ದಾರಿ ತೋರಿಸಿದವರು ಲೆವಿಟ್ ಅವರೇ.

ಹಾರ್ವರ್ಡ್ ವೀಕ್ಷಣಾಲಯದಲ್ಲಿ ಅವರ ಕೆಲಸ ಗಾಜಿನ ಫೋಟೋ ಫಲಕಗಳನ್ನು ನೋಡುವುದು. ಗಂಟೆಗೆ 30 ಸೆಂಟ್ ಸಂಬಳ. ಕಿವಿ ಮಂದ. ಆ ಫಲಕದಲ್ಲಿ ಆಕಾಶ ತಿಳಿ, ನಕ್ಷತ್ರ ಮಾತ್ರ ಕಪ್ಪು ಚುಕ್ಕೆ, ಸಾಸಿವೆಗಿಂತ ಚಿಕ್ಕದು. ಬೇರೆ ಬೇರೆ ರಾತ್ರಿಯ ಫಲಕಗಳನ್ನು ಹೋಲಿಸಿ, ಯಾವ ಚುಕ್ಕೆ ದಪ್ಪಗಾಯಿತು, ಯಾವುದು ಸಣ್ಣಗಾಯಿತು ಎಂದು ಭೂತಗನ್ನಡಿ ಹಿಡಿದು ಗುರುತಿಸಬೇಕು. ಹೀಗೆ ವರ್ಷಗಟ್ಟಲೆ! 1912ರಲ್ಲಿ ಹೀಗೆ ಏರಿಳಿಯುವ 25 ನಕ್ಷತ್ರಗಳ ಲೆಕ್ಕ ಮುಂದಿಟ್ಟರು. ಒಂದು ಏರಿಳಿತಕ್ಕೆ ಜಾಸ್ತಿ ದಿನ ಹಿಡಿಯುವ ನಕ್ಷತ್ರದ ನಿಜವಾದ ಬೆಳಕೂ ಜಾಸ್ತಿ. ಅಂದರೆ ದಿನ ಎಣಿಸಿದರೆ ಬೆಳಕು ಗೊತ್ತಾಗುತ್ತದೆ. ಅದು ಇಲ್ಲಿಗೆ ಎಷ್ಟು ಮಂಕಾಗಿ ಕಾಣುತ್ತದೆ ಎಂದು ತಾಳೆ ನೋಡಿದರೆ ದೂರವೂ ಸಿಗುತ್ತದೆ. ಆಂಡ್ರೊಮಿಡಾ ಎಂಬ ನಕ್ಷತ್ರಗಳ ದೊಡ್ಡ ಗುಂಪು ನಮ್ಮ ಗ್ಯಾಲಕ್ಸಿಯ ಆಚೆ ಇದೆ ಎಂದು ಖಗೋಳ ವಿಜ್ಞಾನಿ ಹಬಲ್ ತೋರಿಸಿದ್ದು ಇದೇ ಸೂತ್ರ ಹಿಡಿದು. ಅಷ್ಟರಲ್ಲಿ ಲೆವಿಟ್ ತೀರಿಕೊಂಡಿದ್ದರು, 1921ರಲ್ಲಿ. ನನಗೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ನಿಮ್ಮ ನಕ್ಷತ್ರದ ಒಂದು ಏರಿಳಿತಕ್ಕೆ ಎಷ್ಟು ದಿನ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಡೆಲ್ಟಾ ಸೆಫೈ ನಕ್ಷತ್ರವನ್ನೇ ಮಾದರಿ ಇಟ್ಟುಕೊಳ್ಳಿ. ಅದರ ಏರಿಳಿತಕ್ಕೆ 5 ದಿನ 9 ಗಂಟೆ, ಬೆಳಕು ಸೂರ್ಯನ ಸುಮಾರು 2,000 ಪಟ್ಟು. ನಮಗೆ ಬೀಳುವಷ್ಟೇ ಬಿಸಿಲು ಬೇಕಾದರೆ ನಿಲ್ದಾಣ ಭೂಮಿ–ಸೂರ್ಯರ ಅಂತರದ ಸುಮಾರು 45 ಪಟ್ಟು ದೂರ ಇರಬೇಕು. ನಮ್ಮಲ್ಲಾದರೆ ಅದು ನೆಪ್ಚೂನ್‌ನ ಆಚೆ. ಅಲ್ಲಿಂದ ಒಂದು ಸುತ್ತು ಮುಗಿಯಲು ನೂರು ವರ್ಷಕ್ಕೂ ಮಿಕ್ಕಿ ಬೇಕು. ಹುಟ್ಟಿದ ಮಗುವಿಗೆ ಒಂದು ವರ್ಷ ತುಂಬುವುದೇ ಇಲ್ಲ, ಅಲ್ವಾ? ಅಲ್ಲಿಯವರು ಹಬ್ಬ, ಸಂತೆ, ಸಂಬಳ ಎಲ್ಲವನ್ನೂ ನಕ್ಷತ್ರದ ಏರಿಳಿತದಲ್ಲೇ ಎಣಿಸುತ್ತಾರೆ. ಇನ್ನೊಂದು ವಿಷಯ. ಬೆಳಕು ಬೇಗ ಏರುತ್ತದೆ, ನಿಧಾನ ಇಳಿಯುತ್ತದೆ. ಏರುವ ಒಂದೂವರೆ ದಿನದಲ್ಲಿ ಅದು ಎರಡು ಪಟ್ಟಿಗೂ ಜಾಸ್ತಿಯಾಗುತ್ತದೆ. ಬಿಸಿಲುಮರೆ ಎಳೆಯುವವರಿಗೆ ಆಗ ಪುರುಸೊತ್ತಿರುವುದಿಲ್ಲ.

ಹಾಸನದ ನಮ್ಮ ತಾರಸಿಯಿಂದ ಡೆಲ್ಟಾ ಸೆಫೈಯ ಈ ಏರಿಳಿತವನ್ನು ಬರಿಗಣ್ಣಲ್ಲೇ ನೋಡಿದ್ದೇನೆ. ಪಕ್ಕದಲ್ಲೇ ಎರಡು ನಕ್ಷತ್ರಗಳಿವೆ, ಝೀಟಾ ಮತ್ತು ಎಪ್ಸಿಲಾನ್. ಒಂದು ರಾತ್ರಿ ಡೆಲ್ಟಾ ಹೆಚ್ಚುಕಡಿಮೆ ಝೀಟಾದಷ್ಟು ಹೊಳೆಯುತ್ತಿತ್ತು. ನಾಲ್ಕನೇ ರಾತ್ರಿ ಎಪ್ಸಿಲಾನ್‌ನಷ್ಟು ಮಂಕಾಗಿತ್ತು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ ಕೈ ನಡುಗಿತ್ತು. ನಿಮ್ಮ ತೋಟದಲ್ಲಿ ಬೀದಿದೀಪದ ಕಾಟ ಇರುವುದಿಲ್ಲ. ನವೆಂಬರ್‌ನಲ್ಲಿ ಮೋಡವಿಲ್ಲದ ಸಂಜೆ, ಏಳೂವರೆ ಸುಮಾರಿಗೆ ಉತ್ತರಕ್ಕೆ ತಿರುಗಿ ನಿಲ್ಲಿ. ಬಿಡದೆ ಆರು ರಾತ್ರಿ ನೋಡಿ. ಆಮೇಲೆ ಮೊದಲ ಅಧ್ಯಾಯ ಬರೆಯಿರಿ.