ಪಂದ್ಯಕ್ಕೊಂದೇ ಹಿಟ್, ಆದರೂ ದೊಡ್ಡ ದಾಖಲೆ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅಳಿಯಂದಿರು ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋದರು. ಜೋ ಡಿಮಾಜಿಯೊ ಎಂಬುವರು ಸತತ 56 ಪಂದ್ಯಗಳಲ್ಲಿ ಒಂದಾದರೂ ಹಿಟ್ ಹೊಡೆದರಂತೆ, ಅದು ಯಾರೂ ಮುರಿಯಲಾಗದ ದಾಖಲೆಯಂತೆ. ಪಂದ್ಯಕ್ಕೆ ಒಂದು ಹಿಟ್ ಏನು ಮಹಾ? ನಮ್ಮಲ್ಲಿ ಹನ್ನೊಂದನೆಯವನೂ ಒಂದು ರನ್ ತೆಗೆಯುತ್ತಾನೆ. ಇಂಥ ಚಿಲ್ಲರೆಯನ್ನೆಲ್ಲ ಬರೆದಿಡುವುದು ಬರೀ ಅಂಕಿಯ ಹುಚ್ಚು ಅಲ್ವಾ?"

ಮಾನ್ಯರೇ,

ಕ್ರಿಕೆಟ್ ನೋಡಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಆದರೆ ನಮ್ಮ ಒಂದು ರನ್ ಬೇರೆ, ಅವರ ಒಂದು ಹಿಟ್ ಬೇರೆ. ನಮ್ಮ ಬ್ಯಾಟರ್ ಚೆಂಡು ತಡೆದು ಓಡದೆ ನಿಲ್ಲಬಹುದು. ಕೀಪರ್ ಪಕ್ಕದಿಂದ ಹಿಂದಕ್ಕೆ ತಿರುಗಿಸಿ ಒಂದು ರನ್ ಕದಿಯಬಹುದು. ಅಲ್ಲಿ ಎರಡೂ ನಡೆಯುವುದಿಲ್ಲ. ಚೆಂಡು ಮುಂದಿನ ಎರಡು ಗೆರೆಗಳ ನಡುವೆಯೇ ಹೋಗಬೇಕು, ಹೋದರೆ ಓಡಲೇಬೇಕು. ಕ್ಯಾಚ್ ಆಗಬಾರದು. ಫೀಲ್ಡರ್ ಹೆಕ್ಕಿ ಎಸೆಯುವಷ್ಟರಲ್ಲಿ ಮೊದಲ ಬೇಸ್ (ಓಡಿ ಸೇರಬೇಕಾದ ಗುರುತು) ಮುಟ್ಟಿರಬೇಕು. ಫೀಲ್ಡರ್ ಚೆಂಡು ಕೈಬಿಟ್ಟು ನೀವು ಬದುಕಿಕೊಂಡರೆ ಅದು ಹಿಟ್ ಅಲ್ಲ. ಪಿಚರ್, ಅಂದರೆ ಅವರ ಬೌಲರ್, ನಾಲ್ಕು ಕೆಟ್ಟ ಎಸೆತ ಹಾಕಿ ಸುಮ್ನೆ ಬೇಸ್ ಬಿಟ್ಟುಕೊಟ್ಟರೆ ಅದೂ ಅಲ್ಲ. ಇಂಥ ಅವಕಾಶ ಸಿಗುವುದು ಪಂದ್ಯಕ್ಕೆ ಸುಮಾರು ನಾಲ್ಕು ಸಲ. ಹತ್ತರಲ್ಲಿ ಮೂರು ಹಿಟ್ ಹೊಡೆದವನು ಅಲ್ಲಿ ಬಹಳ ಒಳ್ಳೆಯ ಬ್ಯಾಟರ್. ಅಂಥವನಿಗೂ ನಾಲ್ಕು ಪಂದ್ಯಕ್ಕೊಂದು ಪಂದ್ಯ ಖಾಲಿ ಹೋಗುತ್ತದೆ.

ಡಿಮಾಜಿಯೊ ಅವರ ವೃತ್ತಿಜೀವನದ ಸರಾಸರಿ 0.325. ಅಂದರೆ ಸಾವಿರಕ್ಕೆ 325 ಹಿಟ್. ಒಂದು ಪಂದ್ಯದಲ್ಲಿ ಅವರು ಹಿಟ್ ಹೊಡೆಯುವ ಸಾಧ್ಯತೆ ಲೆಕ್ಕ ಹಾಕಿದರೆ ನೂರಕ್ಕೆ 79 ಬರುತ್ತದೆ. ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಅದನ್ನೇ ಬೆನ್ನುಬೆನ್ನಿಗೆ 56 ಸಲ ಗೆಲ್ಲಬೇಕು. ಯಾವುದೋ ಒಂದು ದಿನ ಶುರುಮಾಡಿ 56 ಮುಟ್ಟುವ ಸಾಧ್ಯತೆ ಸುಮಾರು ನಾಲ್ಕೂವರೆ ಲಕ್ಷಕ್ಕೆ ಒಂದು! ಆ 56 ಪಂದ್ಯಗಳಲ್ಲಿ ಅವರು 223ಕ್ಕೆ 91 ಹಿಟ್ ಹೊಡೆದಿದ್ದರು, ಸರಾಸರಿ 0.408. ಅದನ್ನೇ ಹಿಡಿದು ಲೆಕ್ಕ ಹಾಕಿದರೂ ಸಾಧ್ಯತೆ ಸಾವಿರದ ಐನೂರಕ್ಕೆ ಒಂದರ ಆಸುಪಾಸು. ಒಂದೇ ಸೀಸನ್‌ನ ಲೆಕ್ಕದಲ್ಲಿ ಎರಡನೆಯ ಸ್ಥಾನದಲ್ಲಿರುವ ಅಂಕಿ 44. 1978ರಲ್ಲಿ ಪೀಟ್ ರೋಸ್ ಅಲ್ಲಿಗೆ ನಿಂತರು. 56ಕ್ಕೆ ಇನ್ನೂ ಒಂದು ಡಜನ್ ಪಂದ್ಯ ಬಾಕಿ.

ಡಿಮಾಜಿಯೊ ಅವರ ಆ ಸತತ ಓಟ ನಿಂತ ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. 1941ರ ಜುಲೈ 17, ಕ್ಲೀವ್‌ಲ್ಯಾಂಡ್, 67,468 ಜನ. ಮೂರನೇ ಬೇಸ್ ಕಾಯುತ್ತಿದ್ದ ಕೆನ್ ಕೆಲ್ಟ್ನರ್ ಗೆರೆಗೆ ಅಂಟಿಕೊಂಡು, ಸಾಕಷ್ಟು ಹಿಂದೆ ನಿಂತಿದ್ದರು. ಮೊದಲ ಇನ್ನಿಂಗ್ಸ್‌ನಲ್ಲಿ (ಅಲ್ಲಿ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್) ಡಿಮಾಜಿಯೊ ಬಿರುಸಾಗಿ ಹೊಡೆದ ಚೆಂಡು ಆ ಗೆರೆಯ ಬದಿಯಲ್ಲೇ ಬಂತು. ಕೆಲ್ಟ್ನರ್ ಹಿಡಿದು ಎಸೆದರು, ಔಟ್. ಏಳನೆಯದರಲ್ಲಿ ಹೆಚ್ಚು ಕಡಿಮೆ ಅದೇ ಹೊಡೆತ, ಅದೇ ಕೈ, ಮತ್ತೆ ಔಟ್. ನಡುವೆ ಪಿಚರ್ ಒಮ್ಮೆ ಸುಮ್ನೆ ಬೇಸ್ ಬಿಟ್ಟುಕೊಟ್ಟಿದ್ದ, ಹೀಗಾಗಿ ಒಂದು ಅವಕಾಶ ಕಡಿಮೆಯಾಯಿತು. ಎಂಟನೆಯದರಲ್ಲಿ ಕೊನೆಯ ಹೊಡೆತ. ಪುಟಿದು ದಿಕ್ಕು ತಪ್ಪಿದ ಚೆಂಡನ್ನು ಲೂ ಬುಡ್ರೋ ಹಿಡಿದೇಬಿಟ್ಟರು. ಡಿಮಾಜಿಯೊ ಆ ದಿನ ಕೆಟ್ಟದಾಗಿ ಆಡಲಿಲ್ಲ. ಚೆಂಡು ನಾಲ್ಕು ಅಂಗುಲ ಆಚೀಚೆ ಹೋಗಿದ್ದರೆ 57 ಆಗುತ್ತಿತ್ತು. ಮರುದಿನದಿಂದ ಮತ್ತೆ ಸತತ 16 ಪಂದ್ಯ ಹಿಟ್ ಹೊಡೆದರು.

ಅದೇ ವರ್ಷ ಟೆಡ್ ವಿಲಿಯಮ್ಸ್ ಇಡೀ ಸೀಸನ್ 0.406 ಸರಾಸರಿಯಲ್ಲಿ ಆಡಿದರು. ಡಿಮಾಜಿಯೊ ಅವರ ಆ 56 ಪಂದ್ಯಗಳ ಅವಧಿಯಲ್ಲೂ ವಿಲಿಯಮ್ಸ್ ಸರಾಸರಿಯೇ ಒಂಚೂರು ಜಾಸ್ತಿ, 0.412. ಹಾಗಾದರೆ ಯಾರದು ದೊಡ್ಡದು? ವರ್ಷದ ಒಟ್ಟು ಆಟ ನೋಡಿದರೆ ವಿಲಿಯಮ್ಸ್ ಅವರದೇ ಮೇಲು ಎಂದು ನನಗನ್ನಿಸುತ್ತದೆ. ಆದರೆ ಸರಾಸರಿಯಲ್ಲಿ ಇವತ್ತಿನ ಸೊನ್ನೆಯನ್ನು ನಾಳೆ ತುಂಬಿಕೊಳ್ಳಬಹುದು. ಸ್ಟ್ರೀಕ್‌ನಲ್ಲಿ, ಅಂದರೆ ಹೀಗೆ ಸತತವಾಗಿ ಹೊಡೆಯುವುದರಲ್ಲಿ, ಆ ಸಾಲ ಹುಟ್ಟುವುದಿಲ್ಲ. ಆ 56ರ ತೂಕ ಇರುವುದೇ ಅಲ್ಲಿ.

ಇನ್ನು ಅಂಕಿಯ ಹುಚ್ಚಿನ ವಿಷಯ. ಅದು ಅವರಿಗೆ ಹೋದದ್ದೇ ಕ್ರಿಕೆಟ್‌ನಿಂದ. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕ್ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಮಾಡುತ್ತಿದ್ದ ಹೆನ್ರಿ ಚಾಡ್ವಿಕ್, 19ನೇ ಶತಮಾನದಲ್ಲಿ ನಮ್ಮ ಸ್ಕೋರ್‌ಕಾರ್ಡಿನ ಪದ್ಧತಿಯನ್ನು ಬೇಸ್‌ಬಾಲ್‌ಗೆ ಹೊಂದಿಸಿಕೊಟ್ಟರು. ಆ ದಾಖಲೆ ಪುಸ್ತಕ ಬೆಳೆದು ಎಷ್ಟು ಕಟ್ಟುನಿಟ್ಟಾಯಿತು ಅಂದರೆ ಹಾರ್ವಿ ಹ್ಯಾಡಿಕ್ಸ್ ಕಥೆ ಕೇಳಿ. 1959ರ ಮೇ 26ರಂದು ಪಿಟ್ಸ್‌ಬರ್ಗ್‌ನ ಈ ಪಿಚರ್ 12 ಇನ್ನಿಂಗ್ಸ್‌ಗಳಲ್ಲಿ 36 ಬ್ಯಾಟರ್‌ಗಳನ್ನು ಎದುರಿಸಿದರು. ಒಬ್ಬನೂ ಬೇಸ್ ಮುಟ್ಟಲಿಲ್ಲ. ಒಂಬತ್ತು ಇನ್ನಿಂಗ್ಸ್ ಹೀಗೆ ಹಾಕಿ ಗೆದ್ದರೇ ಪರ್ಫೆಕ್ಟ್ ಗೇಮ್, ಆದರೆ ಅವರ ತಂಡ ಒಂದು ರನ್ನೂ ಮಾಡಿರಲಿಲ್ಲ! 13ನೆಯದರಲ್ಲಿ ಫೀಲ್ಡರ್ ತಪ್ಪಿನಿಂದ ಒಬ್ಬ ಬೇಸ್ ಸೇರಿದ, ಆಮೇಲೆ ಜೋ ಅಡ್‌ಕಾಕ್ ಹೊಡೆದರು, ಪಂದ್ಯ 1-0ಯಿಂದ ಹೋಯಿತು. ಸಾಲದ್ದಕ್ಕೆ 1991ರಲ್ಲಿ ನಿಯಮ ಬಿಗಿಮಾಡಿ, ಹಿಟ್ ಕೊಡದ ಪಂದ್ಯಗಳ ಪಟ್ಟಿಯಿಂದಲೂ ಆ ರಾತ್ರಿಯನ್ನು ತೆಗೆದುಹಾಕಿದರು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಒಬ್ಬನೇ ಒಂದೇ ಪಂದ್ಯದಲ್ಲಿ ಎರಡೂ ತಂಡಕ್ಕೆ ಆಡಿದ್ದೂ ಉಂಟು. 2024ರ ಜೂನ್‌ನಲ್ಲಿ ಟೊರೊಂಟೊ ಪರ ಡ್ಯಾನಿ ಜ್ಯಾನ್ಸನ್ ಬ್ಯಾಟ್ ಮಾಡುತ್ತಿದ್ದಾಗ ಮಳೆಯಿಂದ ಪಂದ್ಯ ನಿಂತಿತು. ಜುಲೈನಲ್ಲಿ ಎದುರಾಳಿ ಬಾಸ್ಟನ್‌ಗೆ ಅವರ ವರ್ಗಾವಣೆಯಾಯಿತು. ಆಗಸ್ಟ್ 26ಕ್ಕೆ ಆಟ ಮುಂದುವರಿದಾಗ, ಅವರು ಅರ್ಧಕ್ಕೆ ಬಿಟ್ಟ ಬ್ಯಾಟಿಂಗ್ ಅನ್ನು ಬೇರೊಬ್ಬರು ಮುಗಿಸಿದರು. ಹಿಂದೆ ಕ್ಯಾಚರ್ (ಅವರ ಕೀಪರ್) ಆಗಿ ಕೂತಿದ್ದವರು ಜ್ಯಾನ್ಸನ್!

ಚಿಲ್ಲರೆ ಅಂದಿರಲ್ಲ, ಅದಕ್ಕೆ ನನ್ನ ನಿಜವಾದ ಉತ್ತರ ಜಾಶ್ ಗಿಬ್ಸನ್. ಕಪ್ಪು ಜನರನ್ನು ಮೇಜರ್ ಲೀಗ್‌ಗೆ ಸೇರಿಸದ ಕಾಲದಲ್ಲಿ ಅವರು ನೀಗ್ರೋ ಲೀಗ್‌ಗಳಲ್ಲಿ ಆಡಿದರು, 1947ರಲ್ಲಿ 35ಕ್ಕೇ ತೀರಿಕೊಂಡರು. ಅವರ ಹಿಟ್‌ಗಳು ಅಧಿಕೃತ ಪುಸ್ತಕದಲ್ಲಿ ಇರಲೇ ಇಲ್ಲ. ಸಂಶೋಧಕರು ಹಳೆಯ ಪತ್ರಿಕೆಗಳ ಸ್ಕೋರ್‌ಕಾರ್ಡುಗಳನ್ನು ಒಂದೊಂದಾಗಿ ಹೆಕ್ಕಿ ಕೂಡಿಸಿದರು. 2024ರ ಮೇನಲ್ಲಿ ಮೇಜರ್ ಲೀಗ್ ಆ ಅಂಕಿಗಳನ್ನು ಒಪ್ಪಿಕೊಂಡಿತು. ವೃತ್ತಿಜೀವನದ ಸರಾಸರಿಯಲ್ಲಿ ಅದುವರೆಗೆ ಮೊದಲಿದ್ದ ಟೈ ಕಾಬ್ ಅವರ 0.367 ಎರಡನೆಯದಾಯಿತು, ಗಿಬ್ಸನ್ ಅವರ 0.372 ಮೊದಲನೆಯದಾಯಿತು. ಸಿಗದ ಪಂದ್ಯಗಳು ಇನ್ನೂ ಇವೆ, ಹುಡುಕಾಟ ನಡೆದಿದೆ. ಹೊಸ ಕಾರ್ಡು ಸಿಕ್ಕಿದರೆ ಈ ಅಂಕಿಯೂ ಬದಲಾಗಬಹುದು.

- ಸಂಪಾದಕ